ಒಂದು ಅಗುಳು ಸಾಲದು

ಹಾರ್ಬರ್ ಲೈನಿನ ಲೋಕಲ್ ನಡುದಾರಿಯಲ್ಲಿ ನಿಂತುಬಿಡಬಹುದಿತ್ತು. ಮಳೆ ಬಂದು ಕಾಳು ನೆನೆಯಬಹುದಿತ್ತು. ಚೀಲಕ್ಕೆ ಚುಚ್ಚಿ ಕಾಳು ಹೊರತೆಗೆಯುವ ಚೂಪು ಕೊಳವೆಯನ್ನು, ಅಂದರೆ ಪರ್ಖಿಯನ್ನು, ಲೇಡೀಸ್ ಡಬ್ಬಿಯ ಹಲಗೆಯ ಮೇಲೆ ಮರೆತು ನಾನು ಇಳಿದುಬಿಡಬಹುದಿತ್ತು. ಮರೆಯದಿದ್ದರೆ ಅದರ ತುದಿ ಯಾರದಾದರೂ ಸೊಂಟಕ್ಕೆ ತಾಗಿ ದೊಡ್ಡ ರಾಮಾಯಣವಾಗಬಹುದಿತ್ತು. ಧಾರಾವಿಯ ಗಲ್ಲಿಗಳಲ್ಲಿ ದಾರಿ ತಪ್ಪಿ, ಚರ್ಮದ ಅಂಗಡಿಗಳ ನಡುವೆ ಸುತ್ತುತ್ತಲೇ ಸಂಜೆಯಾಗಬಹುದಿತ್ತು. ನಾನು ಮುಟ್ಟುವ ಹೊತ್ತಿಗೆ ವ್ಯಾಪಾರಿ ಜೋಳದ ಚೀಲಗಳನ್ನು ಎತ್ತಿಸಿಕೊಂಡು ಹೋಗಿರಬಹುದಿತ್ತು. ಕಾಳು ತುಂಬಿದ ಪ್ಲಾಸ್ಟಿಕ್ ಚೀಲ ಮುಂಬಯಿಯ ಸೆಕೆಗೆ ಒಳಗೇ ಬೆವರಿ, ದಾರಿಯಲ್ಲೇ ಹೊಸ ಬೂಷ್ಟು ಹುಟ್ಟಬಹುದಿತ್ತು. ಅದಕ್ಕೇ ಬಟ್ಟೆಯ ಚೀಲ ಒಯ್ದಿದ್ದೆ. ಅದರ ಹೊಲಿಗೆ ಬಿಚ್ಚೀತೆಂದು ಇನ್ನೊಂದನ್ನೂ ಒಯ್ದಿದ್ದೆ. ಲ್ಯಾಬಿಗೆ ತಂದ ಮೇಲೆ, ಕಾಳು ಪುಡಿ ಮಾಡುವ ಮಶೀನಿನಲ್ಲಿ ಹಿಂದಿನ ದಿನದ ಗೋವಿನಜೋಳದ ಪುಡಿ ಉಳಿದಿರಬಹುದಿತ್ತು. ಕರೆಂಟು ಹೋಗಬಹುದಿತ್ತು. ಹೋಲಿಸಿ ನೋಡಲು ಫ್ರಿಜ್ಜಿನಲ್ಲಿಟ್ಟ ವಿಷದ ದ್ರಾವಣ ತಾನೇ ಸತ್ವ ಕಳೆದುಕೊಂಡಿರಬಹುದಿತ್ತು. ಎಲ್ಲ ಸರಿಹೋಗಿ, ಸಹಿ ಮಾಡಬೇಕಾದ ನಮ್ಮ ಸಾಹೇಬರು ಅದೇ ದಿನ ಹಲ್ಲು ಕೀಳಿಸಿಕೊಳ್ಳಲು ಹೋಗಿರಬಹುದಿತ್ತು.

ಇದಿಷ್ಟನ್ನೂ ವಡಾಲದಿಂದ ಮಾಹಿಮ್ ಬರುವಷ್ಟರಲ್ಲಿ ಒಂದು ಸುತ್ತು ಚಿಂತಿಸಿ ಮುಗಿಸಿದ್ದೆ. ಇದರಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆ, ಮತ್ತು ತೀರ ಸಣ್ಣದು. ಅದನ್ನು ಈಗಲೇ ಹೇಳಿದರೆ ನೀವು ನಕ್ಕು ಪುಟ ತಿರುವಿಬಿಡುತ್ತೀರಿ. ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ಹುಡುಗ ಹುಡುಗಿಯರು ಓದಲಿ ಎಂದು ಬರೆಯುತ್ತಿರುವುದರಿಂದ, ನಕ್ಕು ಪುಟ ತಿರುವುವುದು ನನಗೆ ಬೇಕಿಲ್ಲ. ಸ್ವಲ್ಪ ತಾಳ್ಮೆ ಇರಲಿ.

ನಾನು ಕಾಳಿನಲ್ಲಿ ವಿಷ ಹುಡುಕುವ ಕೆಲಸದಲ್ಲಿದ್ದೆ. ವಡಾಲದ ಒಂದು ಖಾಸಗಿ ಲ್ಯಾಬು. ಬಂದರಿಗೆ ಹೋಗುವ ಧಾನ್ಯ, ಗಿರಣಿಗಳ ಹಿಟ್ಟು, ಕೋಳಿ ಆಹಾರ ಎಲ್ಲ ನಮ್ಮಲ್ಲಿಗೆ ಬರುತ್ತಿದ್ದವು. ಹೋದ ವರ್ಷ ಆ ಲ್ಯಾಬನ್ನು ಇನ್ನೊಂದರ ಜೊತೆ ಸೇರಿಸಿದರು. ನಡುವಯಸ್ಸು ದಾಟದವರಿಗೂ ನಿವೃತ್ತಿಯ ಕಾಗದ ಕೊಟ್ಟರು. ನಾನು ತೆಗೆದುಕೊಂಡೆ. ಅದು ಸರಿಯೋ ತಪ್ಪೋ ಎಂದು ಈಗ ದಿನಾ ಬೆಳಿಗ್ಗೆ ಚಿಂತಿಸುತ್ತೇನೆ.

ಕೆಲಸ ಏನೆಂದು ಹೇಳಿಬಿಡುತ್ತೇನೆ. ತೆನೆಗೆ, ಕಾಳಿಗೆ ಬೂಷ್ಟು ಹತ್ತುತ್ತದೆ. ಎಲ್ಲ ಬೂಷ್ಟೂ ಕೆಟ್ಟದ್ದಲ್ಲ. ಕೆಲವು ಮಾತ್ರ ಕಾಳಿನೊಳಗೆ ವಿಷ ಮಾಡಿಟ್ಟು ಹೋಗುತ್ತವೆ. ಗೋವಿನಜೋಳದಲ್ಲಿ ಅಫ್ಲಾಟಾಕ್ಸಿನ್, ಸಜ್ಜೆಯ ತೆನೆಯಲ್ಲಿ ಎರ್ಗಟ್, ಕೊಯ್ಲಿನ ಹೊತ್ತಿಗೆ ಮಳೆಗೆ ಸಿಕ್ಕ ಜೋಳದಲ್ಲಿ ಫ್ಯುಮೋನಿಸಿನ್, ಹೀಗೆ ಒಂದೊಂದಕ್ಕೆ ಒಂದೊಂದು ಹೆಸರು. ಬೂಷ್ಟನ್ನು ಒರೆಸಬಹುದು, ವಿಷವನ್ನು ಒರೆಸಲಾಗದು. ಬೇಯಿಸಿದರೂ ಹೆಂಚಿನ ಮೇಲೆ ಸುಟ್ಟರೂ ಬಹುಪಾಲು ಹಾಗೇ ಉಳಿಯುತ್ತದೆ. ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಇಷ್ಟನ್ನು ನಾನು ಎಷ್ಟು ಜನರಿಗೆ ಎಷ್ಟು ಸಲ ಹೇಳಿದೆನೋ. ಎಲ್ಲರೂ ಗಂಭೀರವಾಗಿ ತಲೆಯಾಡಿಸುತ್ತಾರೆ. ಕೊನೆಗೆ, ಬಿಸಿಲಿಗೆ ಹರವಿದರೆ ಸರಿಹೋಗುತ್ತದಲ್ಲವೇ ಎನ್ನುತ್ತಾರೆ. ಇಲ್ಲ, ಸರಿಹೋಗುವುದಿಲ್ಲ. ಈಗಲೂ ಹೋಗುವುದಿಲ್ಲ.

ನಾನು ಸೇರಿದಾಗ ದೊಡ್ಡ ಮಶೀನು ಇರಲಿಲ್ಲ. ಕಾಳಿನ ಪುಡಿಯನ್ನು ದ್ರಾವಣದಲ್ಲಿ ಅಲ್ಲಾಡಿಸಿ, ಸೋಸಿ, ಅದರ ಒಂದು ಹನಿಯನ್ನು ಬಿಳಿ ಲೇಪದ ಗಾಜಿನ ಫಲಕಕ್ಕೆ ಇಟ್ಟು, ಕತ್ತಲೆ ಕೋಣೆಯಲ್ಲಿ ನೇರಳೆ ದೀಪದ ಕೆಳಗೆ ನೋಡಬೇಕು. ಅಫ್ಲಾಟಾಕ್ಸಿನ್ ಇದ್ದರೆ ನೀಲಿಯಾಗಿ ಹೊಳೆಯುತ್ತದೆ. ಚೆಲುವಾದ ನೀಲಿ, ನವರಾತ್ರಿಯ ಸೀರೆಗೆ ಹೇಳಿ ಮಾಡಿಸಿದ್ದು. ಮೊದಲ ವಾರವೇ ನಾನು ಒಂದು ಗಿರಣಿಯ ಗೋವಿನಜೋಳದ ಫಲಕ ಹಿಡಿದು ನೋಡಿದೆ; ಇಡೀ ಫಲಕ ನೀಲಿ. ಓಡಿ ಹೋಗಿ ದೇಶಮುಖ ಸಾಹೇಬರಿಗೆ ಹೇಳಿದೆ. ಅವರು ನಮ್ಮ ಮೇಲಧಿಕಾರಿ, ದಪ್ಪ ಕನ್ನಡಕದ ಮನುಷ್ಯ, ಕುರ್ಚಿಯಿಂದ ಏಳುವುದನ್ನು ಒಂದು ಖರ್ಚೆಂದು ತಿಳಿದವರು. ಅಂದು ಎದ್ದರು. ಕತ್ತಲೆ ಕೋಣೆಗೆ ಬಂದು ದೀಪ ಹಾಕಿ, ಫಲಕವನ್ನು ನೋಡಲಿಲ್ಲ, ನನ್ನನ್ನು ನೋಡಿದರು. ನನ್ನ ಬಿಳಿ ಕೋಟೂ ಹೊಳೆಯುತ್ತಿತ್ತು. ಕರ್ಚೀಫೂ ಹೊಳೆಯುತ್ತಿತ್ತು. ಗಾಜಿನ ಸಾಮಾನುಗಳನ್ನು ಚೊಕ್ಕಟವಾಗಲಿ ಎಂದು ನಾನು ಮನೆಯಿಂದ ತಂದ, ಬಟ್ಟೆಗೆ ಬೆಳ್ಳಗಿನ ಹೊಳಪು ಕೊಡುವ ಸೋಪಿನ ಪುಡಿಯಲ್ಲಿ ತೊಳೆದಿದ್ದೆ. ಆ ಹೊಳಪು ಕೊಡುವ ಪದಾರ್ಥವೂ ಅದೇ ದೀಪಕ್ಕೆ ಅದೇ ನೀಲಿ.

ಅವರು ಬೈಯಲಿಲ್ಲ. ನಾಳೆಯಿಂದ ಏನೂ ಹಾಕದ ದ್ರಾವಣವನ್ನೂ ಪಕ್ಕದಲ್ಲಿಟ್ಟು ಪರೀಕ್ಷೆ ಮಾಡು, ಏನೂ ಇಲ್ಲದ್ದರಲ್ಲಿ ಏನು ಕಾಣುತ್ತದೆಂದು ಮೊದಲು ಗೊತ್ತಿರಲಿ ಎಂದು ಮರಾಠಿಯಲ್ಲಿ ಹೇಳಿ ಹೋದರು. ಅವರು ಜೀವಮಾನದಲ್ಲಿ ಹೇಳಿದ ಒಳ್ಳೆಯ ಮಾತು ಅದೊಂದೇ ಎಂದು ನನ್ನ ಅಭಿಪ್ರಾಯ. ಆದರೆ ಅದೊಂದೇ ಮಾತಿನ ಮೇಲೆ ನನ್ನ ನೌಕರಿ ನಡೆಯಿತು.

ಆಮೇಲೆ ದೊಡ್ಡ ಮಶೀನು ಬಂತು. ದ್ರಾವಣವನ್ನು ಸೂಜಿಯಲ್ಲಿ ಎಳೆದುಕೊಂಡು, ಉದ್ದನೆಯ ಕೊಳವೆಯಲ್ಲಿ ಹಾಯಿಸಿ, ಪರದೆಯ ಮೇಲೆ ಬೆಟ್ಟ ಬರೆಯುವ ಮಶೀನು. ಬೆಟ್ಟ ಎಷ್ಟು ದೊಡ್ಡದೋ ವಿಷ ಅಷ್ಟು. ಅದು ಬಂದ ವರ್ಷದ ಖಂಡೇನವಮಿಯ ಆಯುಧಪೂಜೆಯಲ್ಲಿ ಎಲ್ಲರೂ ಸೇರಿ ಅದಕ್ಕೆ ಚೆಂಡುಹೂವಿನ ಹಾರ ಹಾಕಿ, ಅರಿಶಿನ ಕುಂಕುಮ ಏರಿಸಿ, ಪೇಢೆ ಹಂಚಿದೆವು. ಮರುದಿನದಿಂದ ಯಾವ ಕಾಳು ಹಾಕಿದರೂ ಪರದೆಯ ಮೇಲೆ ಒಂದು ಹೆಚ್ಚಿನ ಗುಡ್ಡ. ಕಂಪನಿಯ ಇಂಜಿನಿಯರನು ಪುಣೆಯಿಂದ ಬಂದು, ಅರ್ಧ ಮಶೀನು ಬಿಚ್ಚಿ, ಕೊನೆಗೆ ಸೀಸೆಗಳ ಮುಚ್ಚಳದ ಮೇಲಿನ ಹಳದಿಯನ್ನು ಬೆರಳಲ್ಲಿ ಒರೆಸಿ ನನಗೆ ತೋರಿಸಿದ. ಅರಿಶಿನವೂ ಹೊಳೆಯುತ್ತದೆ. ಭಕ್ತಿಯನ್ನು ಮಶೀನಿನಿಂದ ಎರಡು ಮೊಳ ದೂರದಲ್ಲಿ ಮಾಡಿ ಎಂದು ಅಂದಿನಿಂದ ಗೋಡೆಗೆ ಬರೆದು ಅಂಟಿಸಿದೆವು. ಮುಂದಿನ ವರ್ಷ ಆ ಬರಹಕ್ಕೂ ಅರಿಶಿನ ಹಚ್ಚಿದರು.

ಈಗ ನಿಮಗೆ ಪರೀಕ್ಷೆಯ ಕಾಗದದ ಪಟ್ಟಿಗಳು ಬಂದಿವೆ. ಒಂದು ಹನಿ ಹಾಕಿದರೆ ಒಂದು ಗೆರೆಯೋ ಎರಡು ಗೆರೆಯೋ. ಚಹಾ ಕುಡಿಯುವಷ್ಟರಲ್ಲಿ ಉತ್ತರ. ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಮೂರು ಕಾಲದಲ್ಲೂ ಒಂದು ಪೀಡೆ ಬದಲಾಗಲಿಲ್ಲ, ಅದನ್ನು ಹೇಳಬೇಕು. ಅದು ನಮೂನೆಯನ್ನು, ಅಂದರೆ ಪರೀಕ್ಷೆಗೆಂದು ತೆಗೆದ ಕಾಳನ್ನು, ತರುವ ರೀತಿ.

ಅನ್ನ ಬೆಂದಿದೆಯೋ ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಎಂದು ನಮ್ಮ ಹಿರಿಯರು ಗಾದೆ ಮಾಡಿ ಹೋದರು. ಆ ಗಾದೆಯ ಜೊತೆ ನಾನು ನೌಕರಿಯುದ್ದಕ್ಕೂ ಜಗಳವಾಡಿದ್ದೇನೆ. ಅನ್ನಕ್ಕೆ ಸರಿ, ಒಂದೇ ಪಾತ್ರೆ, ಒಂದೇ ನೀರು, ಒಂದೇ ಉರಿ. ಬೂಷ್ಟಿನ ವಿಷ ಹಾಗಲ್ಲ. ಒಂದು ಕಾಳಿನಲ್ಲಿ ಸಾಯುವಷ್ಟು, ಪಕ್ಕದ ಕಾಳಿನಲ್ಲಿ ಸೊನ್ನೆ. ಚೀಲದ ಬಾಯಿಯಿಂದ ಒಂದು ಹಿಡಿ ತೆಗೆದರೆ ಆ ಕಾಳು ಬಂದೀತು, ಬಾರದೆಯೂ ಇದ್ದೀತು. ಅದಕ್ಕೇ ಹಲವು ಚೀಲ ಚುಚ್ಚಬೇಕು, ಮೇಲೆ, ನಡುವೆ, ತಳದಲ್ಲಿ ತೆಗೆಯಬೇಕು, ಎಲ್ಲ ಬೆರೆಸಬೇಕು. ಇದನ್ನು ಕೇಳಲು ಯಾರಿಗೂ ಪುರುಸೊತ್ತಿಲ್ಲ. ಒಬ್ಬ ರಫ್ತು ವ್ಯಾಪಾರಿ ಹಡಗಿನಷ್ಟು ಗೋವಿನಜೋಳಕ್ಕೆ ಪ್ರಮಾಣಪತ್ರ ಕೇಳುತ್ತ, ಪ್ಯಾಂಟಿನ ಜೇಬಿನಿಂದ ಕರ್ಚೀಫು ತೆಗೆದು ಅದರ ಗಂಟು ಬಿಚ್ಚಿದ. ಕಾಳಿನ ಜೊತೆ ಎರಡು ಏಲಕ್ಕಿಯೂ ಇದ್ದವು. ಅವನ್ನು ಏನು ಮಾಡಲಿ ಎಂದು ಕೇಳಿದರೆ, ತಿನ್ನಿ ಮೇಡಂ ಎಂದ.

ದೇಶಮುಖ ಸಾಹೇಬರು ಇಂಥವನ್ನೆಲ್ಲ ತೆಗೆದುಕೊಳ್ಳುತ್ತಿದ್ದರು. ವರದಿಯ ತಳದಲ್ಲಿ ಒಂದು ಸಾಲು ಇರುತ್ತಿತ್ತಲ್ಲ: ಈ ಫಲಿತಾಂಶ ನಮಗೆ ಬಂದ ನಮೂನೆಗೆ ಮಾತ್ರ ಅನ್ವಯ. ಅವರಿಗೆ ಅದು ಗಂಗಾಸ್ನಾನ. ಆ ಒಂದು ಸಾಲಿನ ಕೆಳಗೆ ಯಾವ ಪಾಪವೂ ನಿಲ್ಲುತ್ತಿರಲಿಲ್ಲ. ನನಗೆ ಮಾತ್ರ ಅದನ್ನು ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಬಂದ ನಮೂನೆಯನ್ನು ಯಾರೂ ತಿನ್ನುವುದಿಲ್ಲ, ಅದನ್ನು ನಾವು ಪುಡಿ ಮಾಡಿರುತ್ತೇವೆ. ತಿನ್ನುವುದು ಉಳಿದದ್ದನ್ನು.

ಹೀಗಾಗಿ ಸಾಧ್ಯವಾದಲ್ಲೆಲ್ಲ ನಮೂನೆ ತೆಗೆಯಲು ನಾನೇ ಹೋಗುವ ಚಟ ಹತ್ತಿಸಿಕೊಂಡೆ. ಮನೆಯಲ್ಲಿ ಯಜಮಾನರು ನಗುತ್ತಿದ್ದರು. ನಮ್ಮ ಮನೆಯಲ್ಲಿ ಚಪಾತಿಯ ಮೇಲೂ ವಿಚಾರಣೆ ನಡೆಯುತ್ತದೆ, ಜಾಮೀನು ಸಿಕ್ಕ ಮೇಲೆ ತಟ್ಟೆಗೆ ಬರುತ್ತದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಹೇಳಲಿ. ಅವರಿಗೆ ಇದುವರೆಗೆ ಹೊಟ್ಟೆ ಕೆಟ್ಟಿಲ್ಲ.

ಈಗ ನೀಲವ್ವನ ವಿಷಯ.

ನೀಲವ್ವ ವಿಜಾಪುರ ಕಡೆಯವಳು, ನನಗಿಂತ ಹತ್ತು ವರ್ಷ ಹಿರಿಯಳಿರಬೇಕು. ಧಾರಾವಿಯಲ್ಲಿ ಒಂದು ಉದ್ದನೆಯ ಖೋಲಿ ಹಿಡಿದು, ತಮ್ಮ ಕಡೆಯ ಏಳೆಂಟು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಪವಾಯಿಯಲ್ಲಿ ದೊಡ್ಡ ಬಿಲ್ಡಿಂಗು ಏಳುತ್ತಿದ್ದ ಒಂದು ಸೈಟಿನ ಕೂಲಿಗಳಿಗೆ ಅವಳ ರೊಟ್ಟಿ ಹೋಗುತ್ತಿತ್ತು. ಅಲ್ಲಿನವರೂ ಬಹುತೇಕ ಅವಳ ಕಡೆಯವರೇ. ಆ ವರ್ಷದ ಕೊಯ್ಲು ಮಳೆಗೆ ಸಿಕ್ಕಿತ್ತು; ಆ ಜೋಳದ ಹೊಸ ಲೋಡು ಬಂದ ಮೇಲೆ ಕೂಲಿಗಳಿಗೆ ಹೊಟ್ಟೆ ಕೆಡಲು ಶುರುವಾಯಿತು. ಉಂಡ ಸ್ವಲ್ಪ ಹೊತ್ತಿಗೆ ಹೊಟ್ಟೆ ಗುಡುಗುವುದು, ನುಲಿಯುವುದು, ಭೇದಿ. ಸೈಟಿನ ಮುಕಾದಮ, ಅಂದರೆ ಕೂಲಿಗಳನ್ನು ನೋಡಿಕೊಳ್ಳುವವನು, ಅಡಿಗೆಮನೆ ಹೊಲಸು ಎಂದ. ಜೋಳ ಕೊಟ್ಟ ಸೇಠ್‌ಜಿಯೂ ಅದನ್ನೇ ಹೇಳಿದ. ನನ್ನ ಕಾಳು ಚಿನ್ನ, ನಿಮ್ಮ ಕೈ ತೊಳೆದುಕೊಳ್ಳಿ ಎಂದ. ಜೋಳವೇ ಕೆಟ್ಟದ್ದೆಂದು ಲ್ಯಾಬಿನ ಕಾಗದ ತಂದರೆ ಆರ್ಡರು ಉಳಿಯುತ್ತದೆ, ಸೇಠ್‌ಜಿ ಬೇರೆ ಜೋಳ ಕೊಡಬೇಕು. ತರದಿದ್ದರೆ ತಿಂಗಳು ಮುಗಿಯುವುದರೊಳಗೆ ಖೋಲಿಯ ಒಲೆಗಳು ಆರುತ್ತವೆ. ಏಳೆಂಟು ಮನೆಗಳು ಆ ಒಲೆಗಳ ಮೇಲೆ ನಿಂತಿದ್ದವು.

ಗಮನಿಸಿ: ಇಡೀ ನೌಕರಿಯಲ್ಲಿ ನನ್ನ ಬಾಗಿಲಿಗೆ ಬಂದವರೆಲ್ಲ ನಮ್ಮ ಕಾಳು ಒಳ್ಳೆಯದೆಂದು ಬರೆದುಕೊಡಿ ಎಂದವರೇ. ಕೆಟ್ಟದ್ದೆಂದು ಬರೆದುಕೊಡಿ ಎಂದವಳು ನೀಲವ್ವ ಒಬ್ಬಳೇ. ಮಳೆಗೆ ಸಿಕ್ಕ ಜೋಳ, ಆ ಹೊಟ್ಟೆನೋವು: ಕೇಳಿದ ಕೂಡಲೇ ನನಗೆ ಫ್ಯುಮೋನಿಸಿನ್ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಆದರೆ ನಾಲಿಗೆಯ ತುದಿ ಸಾಕ್ಷಿಯಾಗುವುದಿಲ್ಲ. ಪರ್ಖಿ ಹಿಡಿದು ಹೊರಟೆ.

ಖೋಲಿಯಲ್ಲಿ ಗೋಡೆಗೆ ತಾಗಿ ಚೀಲಗಳು. ಸೇಠ್‌ಜಿಯ ಮನುಷ್ಯನೊಬ್ಬ ಸಾಕ್ಷಿಗೆಂದು ಬಾಗಿಲಲ್ಲಿ ಕುಳಿತು ಮೊಬೈಲ್ ನೋಡುತ್ತಿದ್ದ. ಮೊದಲು ಕೇಳಬೇಕಾದ್ದನ್ನೆಲ್ಲ ಕೇಳಿದೆ. ಚೀಲ ಎಲ್ಲಿಟ್ಟಿದ್ದೀರಿ, ನೀರು ತಾಗಿತೇ, ಗಿರಣಿಗೆ ಹಾಕುವ ಮುಂಚೆ ಕೇರಿ ಆರಿಸಿ ಹಸನು ಮಾಡುತ್ತೀರೇ.

"ಇಷ್ಟು ಚೀಲ ಹಸನ ಮಾಡ್ಕೋತ ಕುಂತ್ರ ರೊಟ್ಟಿ ಯಾವಾಗ ಬಡೀಬೇಕ್ರಿ ಬಾಯಾರ?" ಎಂದಳು ನೀಲವ್ವ. "ಮಶೀನ್ ಕ್ಲೀನ್ ಮಾಲ್ ಅಂತ ಕೊಡ್ತಾನ. ಚೀಲ ಬಿಚ್ಚಿ ನೇರ ಗಿರಣಿಗೇ."

ಸರಿ ಎಂದು ಚೀಲಗಳನ್ನು ಚುಚ್ಚಿದೆ. ಮೇಲೆ, ನಡುವೆ, ತಳದಲ್ಲಿ. ಪರ್ಖಿಯ ಹೊಟ್ಟೆಯಿಂದ ಜಾರಿದ ಕಾಳುಗಳಲ್ಲಿ ಕಪ್ಪು ತಿರುಗಿದವು, ನಸುಗುಲಾಬಿ ಬೂಷ್ಟು ಹತ್ತಿದವು ಅಲ್ಲಲ್ಲಿ ಕಂಡವು. ಮನಸ್ಸಿಗೆ ಸಮಾಧಾನವಾಯಿತು ಎಂದರೆ ನೀವು ತಪ್ಪು ತಿಳಿಯಬಾರದು. ನೀಲವ್ವ ಹಾಸಿಕೊಟ್ಟ ಒಗೆದ ಬಿಳಿ ಪಂಚೆಯ ಮೇಲೆ ಎಲ್ಲವನ್ನೂ ಸುರಿದು, ಬೆರೆಸಿ, ಗುಡ್ಡೆ ಮಾಡಿದೆ. ಇನ್ನು ಚೀಲಕ್ಕೆ ತುಂಬಿ ಅರಗು ಕರಗಿಸಿ ಸೀಲು ಹಾಕುವುದೊಂದೇ ಬಾಕಿ.

ಅಷ್ಟರಲ್ಲಿ ತಟ್ಟೆ ಬಂತು. ಬೇಡ ಎಂದೆ. ಆಫೀಸಿನ ಕೆಲಸಕ್ಕೆ ಬಂದವರು ಉಣ್ಣಬಾರದು ಎಂದೆ. ಬೇರೆ ದಿನ ಬರುತ್ತೇನೆ ಎಂದೆ. ನಮ್ಮ ಕಡೆಯ ಹೆಂಗಸಿನ ಮುಂದೆ ಇವು ಯಾವುವೂ ನಡೆಯುವ ನಾಣ್ಯಗಳಲ್ಲವೆಂದು ನಿಮಗೇ ಗೊತ್ತು.

"ಊಟದ ಹೊತ್ತಿನ್ಯಾಗ ಮನಿಗೆ ಬಂದಾಕಿ ಹಂಗ ಎದ್ದು ಹೋದ್ರ, ಇವ್ರ ರೊಟ್ಟಿ ಇವ್ರ ಕಡೆ ಬಾಯಾರೂ ಮುಟ್ಟಲಿಲ್ಲ ಅಂತ ಮಂದಿ ಅನ್ನೂದಿಲ್ಲೇನ್ರಿ?" ಎಂದಳು. ಹೊಲಸು ಕೈ ಎಂಬ ಮಾತು ಅವಳಿಗೆ ಎಷ್ಟು ನಟ್ಟಿತ್ತೆಂದು ಆಗ ತಿಳಿಯಿತು. ಕುಳಿತೆ. ಕುಳಿತ ಮೇಲೆ, ಈ ರೊಟ್ಟಿ ಯಾವ ಜೋಳದ್ದು ಎಂದು ಎರಡು ಸಲ ಕೇಳಿದೆ. ಪಕ್ಕದ ಮನೆಯಿಂದ ಕಡ ತಂದ ಜೋಳ, ಆ ಚೀಲಗಳನ್ನು ಮುಟ್ಟುವುದನ್ನೇ ಬಿಟ್ಟಿದ್ದೇವೆ ಎಂದು ಆಣೆ ಮಾಡಿದಳು. ತಟ್ಟೆಯಲ್ಲಿ ಶೇಂಗಾ ಚಟ್ನಿಯೂ ಇತ್ತು. ಶೇಂಗಾ ಎಂದರೆ ಅಫ್ಲಾಟಾಕ್ಸಿನ್ನಿನ ತವರುಮನೆ. ಕಣ್ಣು ಮುಚ್ಚಿ ತಿಂದೆ.

ಅವಳ ಸೊಸೆ ರೇಖಾ, ಧಾರಾವಿಯಲ್ಲೇ ಹುಟ್ಟಿ ಬೆಳೆದವಳು, ಬಿಸಿ ರೊಟ್ಟಿ ತಂದು ಹಾಕಿ, "ಮೇಡಂ, ಟೆನ್ಶನ್ ಮತ್ ಲೋ. ಆರಾಮ್‌ಸೆ ಊಟ ಮಾಡ್ರಿ" ಎಂದು ಹಿಂದಕ್ಕೆ ಹೋದಳು. ನಾನು ಒಲೆಯ ಕಡೆ ಮುಖ ಮಾಡಿ ಕುಳಿತಿದ್ದೆ. ರೊಟ್ಟಿ ಬಡಿಯುವ ಸದ್ದು. ಅದರ ಹಿಂದೆ ಎಲ್ಲೋ ಮೊರದಲ್ಲಿ ಕಾಳು ಕೇರುವ ಸದ್ದು, ಸರ್, ಪಟ್, ಸರ್, ಪಟ್. ವಡಾಲದ ನಮ್ಮ ಚಾಳಿನ ಗ್ಯಾಲರಿಯಲ್ಲಿ ಅವ್ವ ಮಧ್ಯಾಹ್ನದ ಹೊತ್ತು ಹೀಗೇ ಕೇರುತ್ತಿದ್ದಳು, ಗುಬ್ಬಿಗಳು ಕಟಕಟೆಯ ಮೇಲೆ ಸಾಲಾಗಿ ಕಾಯುತ್ತಿದ್ದವು. ಪುಂಡಿಪಲ್ಯ ಹುಳಿಯಾಗಿ, ಹದವಾಗಿತ್ತು. ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಕೈ ತೊಳೆದು ಬಂದು, ಪಂಚೆಯ ಮೇಲಿನ ಕಾಳನ್ನು ಚೀಲಕ್ಕೆ ತುಂಬಿ, ಅರಗು ಒತ್ತಿ, ನೀಲವ್ವನ ಹೆಬ್ಬೆಟ್ಟು, ಸೇಠ್‌ಜಿಯ ಮನುಷ್ಯನ ಸಹಿ, ನನ್ನ ಸಹಿ ಎಲ್ಲ ಮಾಡಿಸಿ ಹೊರಟೆ. ಚೀಲವನ್ನು ಲೋಕಲಿನಲ್ಲಿ ಕೂಸಿನ ಹಾಗೆ ಎದೆಗೊತ್ತಿಕೊಂಡು ನಿಂತಿದ್ದೆ. ಪಾಪ, ಒಬ್ಬಳು ಎದ್ದು ಜಾಗವನ್ನೂ ಕೊಟ್ಟಳು.

ಫಲಿತಾಂಶ ಬಂತು. ಪರದೆಯ ಮೇಲೆ ಬೆಟ್ಟವಿಲ್ಲ. ಒಂದು ಸಣ್ಣ ದಿಬ್ಬ. ಮಿತಿಗಿಂತ ಬಹಳ ಕೆಳಗೆ. ಜೋಳ ಚಿನ್ನ.

ಇನ್ನೊಮ್ಮೆ ಮಾಡಿದೆ. ಅದೇ. ಏನೂ ಹಾಕದ ದ್ರಾವಣ ನೋಡಿದೆ, ಸರಿಯಿತ್ತು. ಹೋಲಿಕೆಯ ದ್ರಾವಣ ಸರಿಯಿತ್ತು. ಪುಡಿ ಮಾಡುವ ಮಶೀನು ಚೊಕ್ಕಟವಿತ್ತು. ದೇಶಮುಖ ಸಾಹೇಬರ ಹಲ್ಲುಗಳೂ ಸ್ವಸ್ಥಾನದಲ್ಲಿದ್ದವು; ಅವರು ಅಂದೇ ಸಹಿ ಮಾಡಿದರು. ನನಗೆ ಯಾಕೋ ಸರಿ ಕಾಣುತ್ತಿಲ್ಲ, ಚೀಲದಿಂದ ಬರುವಾಗ ಬೂಷ್ಟಿನ ಕಾಳು ಕಣ್ಣಾರೆ ಕಂಡಿದ್ದೆ ಎಂದೆ. ನಮೂನೆ ತೆಗೆದವರು ಯಾರು, ನೀನೇ. ಸೀಲು ಹಾಕಿದವರು ಯಾರು, ನೀನೇ. ಹಾಗಿದ್ದ ಮೇಲೆ ಜೋಳ ಒಳ್ಳೆಯದೇ, ನಿನ್ನ ಕಣ್ಣಿಗೆ ಕನ್ನಡಕದ ನಂಬರ್ ಬಂದಿರಬೇಕು ಎಂದು ಅವರ ವಾದ. ತರ್ಕದಲ್ಲಿ ದೋಷವಿರಲಿಲ್ಲ. ಅದೇ ಸಿಟ್ಟು.

ಮರುವಾರ ನೀಲವ್ವ ಲ್ಯಾಬಿಗೆ ಬಂದಳು. ಮೇಲೆ ಬರಲಿಲ್ಲ, ಮೆಟ್ಟಿಲ ಕೆಳಗಿನ ಬಾಕಿನ ಮೇಲೆ ಕೊಡೆ ತೊಡೆಗಿಟ್ಟುಕೊಂಡು ಕೂತಿದ್ದಳು. ಸೇಠ್‌ಜಿ ನನ್ನ ವರದಿಯನ್ನು ಮುಕಾದಮನಿಗೆ ತೋರಿಸಿದ್ದ. ಸೋಮವಾರದಿಂದ ರೊಟ್ಟಿ ಬೇಡ ಎಂದು ಹೇಳಿ ಕಳಿಸಿದ್ದರು.

"ಮಂದಿ ಹೊಟ್ಟಿ ನೋವು ಸುಳ್ಳ ಅಂತ ಹೇಳ್ತಲ್ರಿ ಬಾಯಾರ ನಿಮ್ಮ ಮಶೀನ" ಎಂದಳು.

"ಮಶೀನ ಸುಳ್ಳ ಹೇಳೂದಿಲ್ಲ ನೀಲವ್ವಾರ."

"ಹಂಗಂದ್ರ ನಮ್ಮ ಕೈನ ಹೊಲಸ ಅಂದಂಗಾತು."

ಅವಳು ತನ್ನ ಕೈಗಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡಳು. ನೀರಿನಲ್ಲಿ, ಹಿಟ್ಟಿನಲ್ಲಿ ಸದಾ ಇದ್ದು ಬೆಳ್ಳಗೆ ಬಿರಿದ ಕೈ. ಅಷ್ಟು ತೊಳೆದ ಕೈಗಳನ್ನು ನಾನು ನಮ್ಮ ಲ್ಯಾಬಿನಲ್ಲೂ ನೋಡಿಲ್ಲ.

ಚೀಲಗಳಿನ್ನೂ ಅಲ್ಲೇ ಇವೆಯೇ ಎಂದು ಕೇಳಿದೆ. ಇದ್ದವು; ವರದಿ ಒಳ್ಳೆಯದಿರುವಾಗ ಸೇಠ್‌ಜಿ ಯಾಕೆ ವಾಪಸು ಒಯ್ಯುತ್ತಾನೆ? ಮರುಪರೀಕ್ಷೆಗೆ ಹೊಸ ಅರ್ಜಿ ಬೇಕೆಂದರು ದೇಶಮುಖ ಸಾಹೇಬರು. ಅಲ್ಲೇ ನಿಂತು ಬರೆಸಿದೆ. ನಮೂನೆ ತೆಗೆಯುವ ಹೊತ್ತಿಗೆ ಸೇಠ್‌ಜಿಯ ಮನುಷ್ಯನೂ ಇರಬೇಕೆಂದರು. ಅವನನ್ನೂ ಕರೆಸಿದೆ. ಈ ಸಲ ಲೋಕಲಿನಲ್ಲಿ ನನಗೆ ಚಿಂತಿಸಲು ಏನೂ ಉಳಿದಿರಲಿಲ್ಲ. ಎಲ್ಲವನ್ನೂ ಪರೀಕ್ಷಿಸಿ ಆಗಿತ್ತು. ಉಳಿದದ್ದು ನಾನೊಬ್ಬಳೇ.

ಖೋಲಿಯಲ್ಲಿ ಅರ್ಧ ಒಲೆಗಳು ಆಗಲೇ ಆರಿದ್ದವು. ಮೊದಲ ಚೀಲಕ್ಕೆ ಪರ್ಖಿ ಚುಚ್ಚಿ ಅಂಗೈಗೆ ಸುರಿದುಕೊಂಡು ಬಾಗಿಲ ಬೆಳಕಿಗೆ ಹಿಡಿದೆ. ಕಪ್ಪು ಕಾಳುಗಳು, ಗುಲಾಬಿ ಕಾಳುಗಳು, ಅಲ್ಲೇ ಇದ್ದವು. ನನ್ನ ಕಣ್ಣಿಗೆ ನಂಬರ್ ಬಂದಿರಲಿಲ್ಲ. ಲ್ಯಾಬಿಗೆ ಹೋದ ಚೀಲದಲ್ಲಿ ಇಂಥ ಒಂದೂ ಇರಲಿಲ್ಲವೆಂದು ಆಗ ನೆನಪಾಯಿತು. ಪುಡಿ ಮಾಡಲು ಸುರಿಯುವಾಗ ಕಾಳು ಮುತ್ತಿನ ಹಾಗೆ ಬೆಳ್ಳಗಿತ್ತು. ನಾನು ಆಗ ಕರೆಂಟು ಹೋದೀತೆಂದು ಗೋಡೆಯ ಸ್ವಿಚ್ಚು ನೋಡುತ್ತಿದ್ದೆ.

ಯಾರಾದರೂ ಚೀಲ ಬದಲಿಸಿದರೇ ಎಂದು ಬಾಗಿಲಲ್ಲಿದ್ದ ಸೇಠ್‌ಜಿಯ ಮನುಷ್ಯನ ಕಡೆ ಕೆಂಗಣ್ಣಿನಿಂದ ನೋಡಿದೆ. ಅವನು ಈ ಸಲವೂ ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದ. ಸೀಲು ನನ್ನದೇ, ಅದು ಒಡೆದಿರಲಿಲ್ಲ. ಏನೂ ಹೊಳೆಯದೆ, ಎಲ್ಲ ಚೀಲ ಚುಚ್ಚಿ ಮುಗಿಸಿ, ಪಂಚೆಯ ಮೇಲೆ ಬೆರೆಸಿ, ಅಲ್ಲೇ ಕೂಡಲೇ ಚೀಲಕ್ಕೆ ತುಂಬತೊಡಗಿದೆ. ರೇಖಾ ಒಳಗಿನಿಂದ ಬಂದು ನನ್ನ ಪಕ್ಕದಲ್ಲಿ ನಿಂತಳು. ಕೈಯಲ್ಲಿ ಮೊರವಿತ್ತು. ಮುಖ ಸ್ವಲ್ಪ ಸಣ್ಣದಾಗಿತ್ತು.

"ಮೇಡಂ, ಇಸ್ ಬಾರ್ ಹಸನ ಮಾಡೂದು ಬ್ಯಾಡೇನ್ರಿ?"

ಖೋಲಿಯಲ್ಲಿ ಒಬ್ಬರೂ ಇದನ್ನು ವಿಶೇಷವೆಂದು ಭಾವಿಸಲಿಲ್ಲ. ಒಲೆಯ ಮುಂದಿದ್ದವಳು ರೊಟ್ಟಿ ತಿರುವಿ ಹಾಕಿದಳು. ನೀಲವ್ವ ನನ್ನ ಮುಖ ನೋಡಿ, ಸೊಸೆ ಏನೋ ತಪ್ಪು ಮಾತಾಡಿದಳೆಂದು ತಿಳಿದು, ಸಮಾಧಾನದ ದನಿಯಲ್ಲಿ ಬಿಡಿಸಿ ಹೇಳಿದಳು:

"ಆವತ್ತು ನೀವು ಉಣ್ಣಾಕ ಕುಂತಾಗ ಅಕಿ ಚಂದಂಗ ಕೇರಿ, ಕರೇ ಕಾಳ ಎಲ್ಲಾ ಆರಿಸಿ ಇಟ್ಟಿದ್ಲರಿ. ಗಿರಣಿಗೆ ಹೆಂಗರೆ ಹೋಗ್ಲಿ. ಆಫೀಸಿಗೆ ಹೋಗೂ ಜ್ವಾಳ, ನಾಕ ಮಂದಿ ಕಲತವ್ರು ನೋಡ್ತಾರ. ಹೊಲಸ ಕಾಳ ಹ್ಯಾಂಗ ಕೊಡೂದ್ರಿ?"

ನಾನು ರೇಖಾಳನ್ನು ಬೈಯಬೇಕೆಂದು ಬಾಯಿ ತೆರೆದೆ. ಏನೆಂದು ಬೈಯಲಿ? ನಮ್ಮ ಮನೆಯಿಂದ ಪಕ್ಕದ ಮನೆಗೆ ಒಂದು ಬಟ್ಟಲು ಅಕ್ಕಿ ಕಡ ಕೊಡಬೇಕಾದರೂ ನಾನು ಕಲ್ಲು ಆರಿಸದೆ ಕೊಟ್ಟವಳಲ್ಲ. ಕೈ ಹೊಲಸು ಎಂದು ಊರೆಲ್ಲ ಅನ್ನುತ್ತಿರುವ ಹೆಂಗಸಿನ ಮನೆಯಿಂದ, ಆ ಮಾತನ್ನು ಅಳೆಯುವ ಆಫೀಸಿಗೇ ಕಾಳು ಹೋಗುವಾಗ, ಆರಿಸದೆ ಕಳಿಸುತ್ತಾರೆಯೇ? ವಿಷವೆಲ್ಲ ಆ ಕಪ್ಪು ಕಾಳುಗಳಲ್ಲಿತ್ತು. ರೇಖಾ ಅವನ್ನು ಒಂದೊಂದಾಗಿ ಆರಿಸಿ ಪಾರಿವಾಳಗಳಿಗೆ ಹಾಕಿದ್ದಳು. ಪಾರಿವಾಳಗಳ ಬಗ್ಗೆ ನಾನು ಆಮೇಲೆ ಪ್ರತ್ಯೇಕವಾಗಿ ಚಿಂತಿಸಿದೆ.

ಬಾಗಿಲಲ್ಲಿದ್ದವನನ್ನು ಕೇಳಿದೆ, ಆವತ್ತು ಇವಳು ಕೇರುವುದನ್ನು ನೀನು ನೋಡಲಿಲ್ಲವೇ ಎಂದು. ನೋಡಿದ್ದೆ, ಹೆಂಗಸರು ಕಾಳು ಕೇರದೆ ಇನ್ನೇನು ಮಾಡುತ್ತಾರೆ ಎಂದ.

ಎರಡನೆಯ ವರದಿಯಲ್ಲಿ ಬೆಟ್ಟವೇ ಬಂತು. ದೇಶಮುಖ ಸಾಹೇಬರು ಎರಡೂ ವರದಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಎರಡೂ ಸರಿ, ಬಂದ ನಮೂನೆಗೆ ಮಾತ್ರ ಅನ್ವಯ ಎಂದು ಸಹಿ ಹಾಕಿದರು. ಆ ಮನುಷ್ಯನ ನಿದ್ದೆಯನ್ನು ನೆನೆದರೆ ಈಗಲೂ ಹೊಟ್ಟೆಕಿಚ್ಚಾಗುತ್ತದೆ. ಸೇಠ್‌ಜಿ ಚೀಲಗಳನ್ನು ಎತ್ತಿಸಿ ಬೇರೆ ಜೋಳ ಇಳಿಸಿದ. ಆ ಚೀಲಗಳು ಎಲ್ಲಿಗೆ ಹೋದವೆಂದು ಕೇಳಬೇಡಿ. ನಾನು ಕೇಳಿದೆ, ಯಾರೂ ಹೇಳಲಿಲ್ಲ. ಪವಾಯಿಯ ಮುಕಾದಮ ಅಷ್ಟರಲ್ಲಿ ಬೇರೆ ಕಡೆ ಆರ್ಡರು ಕೊಟ್ಟಾಗಿತ್ತು. ನೀಲವ್ವನಿಗೆ ಅರ್ಧ ಮಾತ್ರ ತಿರುಗಿ ಬಂತು. ಇಬ್ಬರು ಹೆಣ್ಣುಮಕ್ಕಳು ಬೇರೆ ಕೆಲಸ ಹುಡುಕಿಕೊಂಡು ಹೋಗಿದ್ದರು, ಅವರು ಮರಳಲಿಲ್ಲ. ಆದರೆ ಎರಡನೆಯ ಕಾಗದವನ್ನು ನೀಲವ್ವ ಖೋಲಿಯ ಬಾಗಿಲಲ್ಲಿ, ದೇವರ ಫೋಟೋದ ಪಕ್ಕಕ್ಕೆ ಅಂಟಿಸಿದಳು. ಅದರಲ್ಲಿ ಅವಳ ಜೋಳ ವಿಷವೆಂದು ಬರೆದಿದೆ. ಬಂದವರಿಗೆಲ್ಲ ಅದನ್ನು ಓದಿಸುತ್ತಾಳೆ.

ಆ ಎರಡನೆಯ ಸಲವೂ ಸೀಲು ಒತ್ತಿದ ಮೇಲೆ ತಟ್ಟೆ ಬಂತು. ಉಂಡೆ. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಉಂಡೆ, ಎಡಗೈ ಅದರ ಕೊರಳಿನ ಮೇಲೆ. ರೇಖಾ ನಕ್ಕಳು. ಅದೇ ಪುಂಡಿಪಲ್ಯ, ಅದೇ ಚಟ್ನಿ. ಆದರೆ ರೊಟ್ಟಿ ಯಾವ ಜೋಳದ್ದೋ, ಅರಗು ಆರಿತೋ ಇಲ್ಲವೋ, ಮಾಹಿಮಿನಲ್ಲಿ ಜನರ ಗರ್ದಿ ಎಷ್ಟಿರುತ್ತದೋ ಎಂದು ಮನಸ್ಸು ಓಡುತ್ತಲೇ ಇತ್ತು. ರುಚಿ ಗೊತ್ತಾಗಲಿಲ್ಲ.

ಮೊದಲ ಸಲ ಗೊತ್ತಾಗಿತ್ತು. ಹಸನು ಮಾಡುವುದಿಲ್ಲ, ಚೀಲ ನೇರ ಗಿರಣಿಗೆ ಎಂದು ನಾನೇ ಕೇಳಿ ತಿಳಿದುಕೊಂಡಿದ್ದ ಖೋಲಿಯಲ್ಲಿ, ನನ್ನ ಬೆನ್ನ ಹಿಂದೆ ಯಾರೋ ಕಾಳು ಕೇರುತ್ತಿದ್ದರು. ಆ ಸದ್ದು ಕೇಳುತ್ತ, ಯಾವ ಕಾಳು ಎಂದು ಕೇಳದೆ, ಗುಬ್ಬಿಗಳನ್ನು ನೆನೆಯುತ್ತ ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಆ ದಿನ ನಾನು ಚಿಂತೆ ಮಾಡದೆ ಕೂತದ್ದು ಆ ಎರಡನೆಯ ರೊಟ್ಟಿಯ ಹೊತ್ತು ಮಾತ್ರ. ಕೆಲಸ ಕೆಟ್ಟದ್ದೂ ಆ ಹೊತ್ತಿನಲ್ಲೇ.